ಅಜ್ಜಿಯ ಬೆಣ್ಣೆ ಬಿಸ್ಕತ್ತಿಗೆ ತಗೊಂಡ ಓಟಿಜಿ: ಪೇಟೆಯಲ್ಲಿ ಒಂಥರಾ, ಹಳ್ಳಿಯಲ್ಲಿ ಇನ್ನೊಂಥರಾ

ಓಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟಿನ ಪೆಟ್ಟಿಗೆ, ತಗೊಂಡು 14 ತಿಂಗಳಾಯಿತು. ಮೊದಲ 8 ತಿಂಗಳು ಅದು ಶಿವಮೊಗ್ಗದ ವಿನೋಬನಗರದ ನಮ್ಮ ಬಾಡಿಗೆ ಮನೆಯಲ್ಲಿತ್ತು. ಆಮೇಲೆ ತವರುಮನೆಗೆ ಹೋಯಿತು, ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ತೋಟದ ಒಳಗೆ. ಪೆಟ್ಟಿಗೆ ಅದೇ, ಹಿಟ್ಟು ಕಲಸುವ ಕೈ ಅದೇ, ಬಿಸ್ಕತ್ತು ಮಾತ್ರ ಎರಡು ಮನೆಯಲ್ಲಿ ಎರಡು ಥರ. ಹಾಗಾಗಿ ಚೆನ್ನಾಗಿದೆ ಅಂತಲೋ ಚೆನ್ನಾಗಿಲ್ಲ ಅಂತಲೋ ಒಂದೇ ಮಾತಲ್ಲಿ ಮುಗಿಸುವುದು ಕಷ್ಟ. ಮಲೆನಾಡಿನ ಹಳ್ಳಿ ಮನೆಗೆ ಇದನ್ನು ತಗೋಬಹುದಾ ಅಂತ ಯೋಚಿಸುತ್ತಿರುವವರು ಪೂರ್ತಿ ಓದಿ. ಪೇಟೆಯವರಿಗೆ ಅರ್ಧ ಸಾಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಕೇಕ್ ಮಾಡುವವಳಲ್ಲ. ಪಿಜ್ಜಾ ಒಂದು ಸಲ ಮಾಡಿದ್ದೆ, ಅದರ ಸುದ್ದಿ ಬೇಡ. ನಾನು ಇದನ್ನು ತಂದದ್ದು ಅಜ್ಜಿಯ ಬೆಣ್ಣೆ ಬಿಸ್ಕತ್ತಿಗೆ. ಹೆಸರು ಬೆಣ್ಣೆ ಬಿಸ್ಕತ್ತು, ಒಳಗಿರುವುದು ತುಪ್ಪ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಬೇರೆ ಕಡೆ ಇಂಥದ್ದಕ್ಕೇ ನಾನ್‌ಖಟಾಯಿ ಅಂತಾರೆ, ಸೂರತ್‌ನಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯಲ್ಲಿ ಹುಟ್ಟಿದ್ದು ಅಂತ ಒಂದು ಕಥೆಯೂ ಇದೆ. ಡಚ್ಚರ ಬಿಸ್ಕತ್ತು ಸೂರತ್‌ನಿಂದ ಹೊರಟು ತುಂಗೆಯ ದಡದ ನಮ್ಮಜ್ಜಿಯ ಬಾಣಲೆಗೆ ಯಾವ ದಾರಿಯಲ್ಲಿ ಬಂತೋ ದೇವರಿಗೇ ಗೊತ್ತು, ಆದರೆ ನಮ್ಮ ಮನೆಗೆ ಅದು ಬಂದದ್ದು ತೀರ್ಥಹಳ್ಳಿಯ ಒಂದು ಬೇಕರಿಯಿಂದ.

ಆಗೆಲ್ಲ ಬಿಸ್ಕತ್ತು ಕೊಳ್ಳುತ್ತಿರಲಿಲ್ಲ, ಮಾಡಿಸುತ್ತಿದ್ದರು. ಮೈದಾ, ಸಕ್ಕರೆ, ಮನೆಯ ತುಪ್ಪ ಎಲ್ಲ ಚೀಲಕ್ಕೆ ಹಾಕಿಕೊಂಡು ಬೆಳಗ್ಗೆ ಬೇಕರಿಗೆ ಕೊಟ್ಟರೆ ಸಂಜೆ ಬಸ್ಸಿಗೆ ತಗಡಿನ ಡಬ್ಬದ ತುಂಬ ಬಿಸ್ಕತ್ತು. ಕೂಲಿ ಕೆಜಿ ಲೆಕ್ಕ. ಬೇಕರಿಯವರು ಮೊದಲು ಬ್ರೆಡ್ಡು ಬೇಯಿಸಿ, ಭಟ್ಟಿಯ ಬೆಂಕಿ ಎಳೆದು ಹಾಕಿ, ಕಾವು ಇಳಿಯುತ್ತಿರುವಾಗ ಬಿಸ್ಕತ್ತಿನ ತಟ್ಟೆ ಒಳಗೆ ತಳ್ಳುತ್ತಿದ್ದರು. ಅಪ್ಪ ಚಿಕ್ಕವರಿದ್ದಾಗ ಆ ಡಬ್ಬ ಹೊತ್ತು ತರುವ ಕೆಲಸ ಅವರದ್ದು, ದಾರಿಯಲ್ಲಿ ಎಷ್ಟು ಖಾಲಿಯಾಗುತ್ತಿತ್ತು ಎನ್ನುವುದು ಬೇರೆ ವಿಷಯ. ಅಜ್ಜಿಗೆ ಅನುಮಾನ ಡಬ್ಬದ ಮೇಲಲ್ಲ, ತುಪ್ಪದ ಮೇಲೆ. ಕೊಟ್ಟ ತುಪ್ಪ ಪೂರ್ತಿ ಬಿಸ್ಕತ್ತಿಗೆ ಹೋಗುತ್ತಿಲ್ಲ ಅಂತ. ಹಾಗಾಗಿ ಒಂದು ದಿನ ಬೇಕರಿಯಲ್ಲೇ ಮೋಡ ಕವಿದ ಮುಖ ಮಾಡಿಕೊಂಡು ನಿಂತು, ಕಲಸುವುದನ್ನೆಲ್ಲ ನೋಡಿ, ಬರುವಾಗ ಬಿಸ್ಕತ್ತು ಉಬ್ಬಲು ಹಾಕುವ ಅಮೋನಿಯಾವನ್ನು ಪೊಟ್ಟಣದಲ್ಲಿ ಚೂರು ಇಸ್ಕೊಂಡು ಬಂದು ಮನೆಯಲ್ಲೇ ಶುರು ಮಾಡಿದರಂತೆ.

ಅಜ್ಜಿ ಆಗ ಅಳತೆ ಬರೆದಿಟ್ಟ ಚೀಟಿ ಈಗ ನನ್ನ ಹತ್ತಿರ ಇದೆ. ಚೀಟಿ ಅಂದರೆ ಅಡಿಕೆ ಕೊಯ್ಲಿನ ಕೂಲಿ ಬರೆದಿಟ್ಟ ಪುಸ್ತಕದ ಕೊನೆಯ ಹಾಳೆ. ಬರೆದಿರುವುದು ಇಷ್ಟೇ: ಮೈದಾ 2 ಪಾವು, ತುಪ್ಪ ಮುಕ್ಕಾಲು ಪಾವು, ಸಕ್ಕರೆ ಬೀಸಿದ್ದು 1 ಪಾವು, ಚಿರೋಟಿ ರವೆ ಹಿಡಿ, ಅಮೋನಿಯ ಕಡಲೆಯಷ್ಟು, ಏಲಕ್ಕಿ. ಅದರ ಕೆಳಗೆ, ಮೇಲೆ ಕೆಂಡ ಕೆಳಗೆ ಬೂದಿ. ಎಷ್ಟು ಹೊತ್ತು ಅಂತ ಇಲ್ಲ. ಪಕ್ಕದಲ್ಲಿ ಯಾರೋ ಎರಡು ದಿನ ಕೆಲಸಕ್ಕೆ ಬಂದಿಲ್ಲ ಅಂತ ಬರೆದಿದೆ.

ಪಾವು ಅಂದರೆ ಎಷ್ಟು ಅನ್ನುವುದೇ ಮೊದಲ ತಲೆನೋವು. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ, ಊರಿಂದ ಊರಿಗೂ ಬೇರೆ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ, ಆದರೆ ನಮ್ಮ ಅಡುಗೆಮನೆಗೆ ಅದು ಇನ್ನೂ ಪೂರ್ತಿ ಬಂದಿಲ್ಲ. ಕೊನೆಗೆ ಅಮ್ಮನ ಅಕ್ಕಿ ಡಬ್ಬದಲ್ಲಿದ್ದ ಅದೇ ಹಳೇ ಪಾವನ್ನು ತಂದು, ಮೈದಾ ತುಂಬಿ, ಮೇಲೆ ಬೆರಳಲ್ಲಿ ಎಳೆದು ಮಟ್ಟ ಮಾಡಿ, ತಕ್ಕಡಿಯಲ್ಲಿ ತೂಗಿದೆ. 120 ಗ್ರಾಂ. ಹಾಗೆ ಒಂದೊಂದೇ ತೂಗಿದ ಮೇಲೆ ಲೆಕ್ಕ ಹೀಗೆ ಬಂತು: ಮೈದಾ 240 ಗ್ರಾಂ, ರವೆ 30, ತುಪ್ಪ 155, ಸಕ್ಕರೆ ಪುಡಿ 125. 28 ಬಿಸ್ಕತ್ತು ಆಗುತ್ತದೆ, 14ರಂತೆ ಎರಡು ತಟ್ಟೆ. ನಿಮ್ಮ ಮನೆಯಲ್ಲೂ ಪಾವಿನ ಲೆಕ್ಕದ ಚೀಟಿ ಇದ್ದರೆ ಅದೇ ಮನೆಯ ಪಾವು ಹುಡುಕಿ, ಇಂಟರ್‌ನೆಟ್ಟಿನ ಪಾವು ನಂಬಬೇಡಿ.

ಈಗ ಪೆಟ್ಟಿಗೆಗೆ ಬರೋಣ. 28 ಲೀಟರು, 1500 ವ್ಯಾಟು, ಮೇಲೆ ಎರಡು ಕೆಳಗೆ ಎರಡು ಕಾಯುವ ಕಂಬಿ, ಮೂರು ತಿರುಪು. ಒಂದು ಕಾವಿಗೆ, ಒಂದು ಯಾವ ಕಂಬಿ ಬೇಕು ಅನ್ನುವುದಕ್ಕೆ, ಒಂದು ಟೈಮಿಗೆ. ಆನ್‌ಲೈನಲ್ಲಿ 5,600 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ, ಮುಂದೆ ಬೈಯುವುದಿದೆ. ಆದರೆ ಈ ಬೆಲೆಗೆ ಬರುವ ಪೆಟ್ಟಿಗೆಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ, ಹಾಗಾಗಿ ನಾನು ಬರೆದದ್ದು ಬೇರೆಯವಕ್ಕೂ ಸುಮಾರಾಗಿ ಸಲ್ಲುತ್ತದೆ. ಜೊತೆಗೆ ಒಂದು ಕಪ್ಪು ಟ್ರೇ, ಒಂದು ಜಾಲರಿ, ಟ್ರೇ ಹಿಡಿಯುವ ಕೊಕ್ಕೆ, ಮತ್ತೆ ಕೋಳಿ ಸುಡುವ ಸಲಾಕೆ. ಸಲಾಕೆಯನ್ನು ಅಮ್ಮ ಮುಟ್ಟಲೂ ಇಲ್ಲ, ಅಟ್ಟಕ್ಕೆ ಹೋಯಿತು.

ಮೊದಲ ಸಲ ಹಾಕಿದಾಗ ಹೊಗೆ ಬರುತ್ತದೆ, ಹೆದರಬೇಡಿ. ಕಂಬಿಗೆ ಹಚ್ಚಿದ ಎಣ್ಣೆ ಸುಡುವುದು ಅದು. ಖಾಲಿ ಪೆಟ್ಟಿಗೆಯನ್ನೇ ಕಾಲು ಗಂಟೆ ಜೋರಾಗಿ ಕಾಯಿಸಿ, ಕಿಟಕಿ ತೆಗೆದಿಡಿ, ಮುಗಿಯಿತು.

ಹೆದರಬೇಕಾದ್ದು ಪ್ಲಗ್ಗಿಗೆ. 1500 ವ್ಯಾಟನ್ನು 230 ವೋಲ್ಟಿಂದ ಭಾಗಿಸಿದರೆ ಆರೂವರೆ ಆಂಪಿಯರು. ನಾವು ಮೊಬೈಲು, ಮಿಕ್ಸಿ ಹಾಕುವ ಸಣ್ಣ ಸಾಕೆಟ್ಟು 6 ಆಂಪಿನದ್ದು. ಓಟಿಜಿಯ ಪ್ಲಗ್ಗಿನ ಕಾಲು ದಪ್ಪ ಇರುವುದು ಅದಕ್ಕೇ, ಅದಕ್ಕೆ ಗೀಸರು, ಏಸಿ ಹಾಕುವ 16 ಆಂಪಿನ ಸಾಕೆಟ್ಟೇ ಬೇಕು. ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಸಣ್ಣದಕ್ಕೆ ಹಾಕಿದರೆ ಓಡುತ್ತದೆ, ಓಡುತ್ತಲೇ ಗೋಡೆಯ ಒಳಗೆ ವೈರು ಬಿಸಿಯಾಗುತ್ತದೆ. ನಾನು ಎರಡು ಸಲ ಹಾಗೆ ಮಾಡಿದ್ದೇನೆ, ಮೂರನೇ ಸಲ ಪ್ಲಗ್ಗು ಮುಟ್ಟಿ ಕೈ ಸುಟ್ಟ ಮೇಲೆ ಬಿಟ್ಟೆ. ಬಾಕ್ಸಿನ ಮೇಲೆ ಇದನ್ನು ಎಲ್ಲಿ ಬರೆದಿದ್ದಾರೆ ಗೊತ್ತಾ? ಅಡಿಯಲ್ಲಿ, ಇರುವೆ ಅಕ್ಷರದಲ್ಲಿ.

ವಿನೋಬನಗರದಲ್ಲಿ ಮಾಡಿದ ಮೊದಲ ನಾಲ್ಕು ತಟ್ಟೆ ಬಿಸ್ಕತ್ತು ಅಡಿ ಕಪ್ಪು, ಮೇಲೆ ಬಿಳಿ. ತಿರುಪು 160ಕ್ಕೆ ಇಟ್ಟಿದ್ದೆ. ಪುಸ್ತಕದಲ್ಲಿ ಹೇಳಿದ ಹಾಗೇ ಮೇಲೆ ಕೆಳಗೆ ಎರಡೂ ಕಂಬಿ, ಟ್ರೇ ಕೆಳಗಿನ ಗೂಡಿನಲ್ಲಿ. ನನ್ನ ಕೈಯದ್ದೇ ತಪ್ಪು ಅಂತ ಒಂದು ವಾರ ಕೊರಗಿದೆ. ಆಮೇಲೆ ಗಾಂಧಿ ಬಜಾರಿಗೆ ಹೋದಾಗ ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರು ಸಿಕ್ಕಿತು, 350 ರೂಪಾಯಿ. ಒಳಗೆ ಇಟ್ಟು ನೋಡಿದರೆ ತಿರುಪು 160 ಅನ್ನುವಾಗ ಒಳಗೆ 190. ಕಂಬಿ ಆರಿದ ಮೇಲೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಅಂದರೆ ಅದು ಉಯ್ಯಾಲೆ. ತಿರುಪಿನ ಮೇಲಿನ ಅಂಕಿ ಸುಮ್ನೆ ಅಂದಾಜಿಗೆ ಬರೆದದ್ದು. ಇಂಥ ಪೆಟ್ಟಿಗೆಗಳಲ್ಲಿ ಕಾವು ನೋಡಿಕೊಳ್ಳುವುದು ಎರಡು ಥರದ ಲೋಹ ಅಂಟಿಸಿದ ಒಂದು ಪಟ್ಟಿ. ಕಾದಾಗ ಬಾಗಿ ಕರೆಂಟು ತಪ್ಪಿಸುತ್ತದೆ, ತಣ್ಣಗಾದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಹಾಗಾಗಿ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ, ಒಪ್ಪೋಣ. ಆದರೆ ಸರಾಸರಿಯಾದರೂ ಬರೆದ ಅಂಕಿಯ ಹತ್ತಿರ ಇರಬೇಕಲ್ವಾ? ನಮ್ಮದರಲ್ಲಿ 160 ಬೇಕಾದರೆ ತಿರುಪನ್ನು 140ಕ್ಕೆ ಇಡಬೇಕು. ಆ 350 ರೂಪಾಯಿಯ ಥರ್ಮಾಮೀಟರು ಇಲ್ಲದೆ ಓಟಿಜಿ ತಗೋಬೇಡಿ. ಇದೊಂದು ಮಾತು ಮಾತ್ರ ಎಲ್ಲರಿಗೂ.

ಕಾವು ಸರಿಯಾದ ಮೇಲೂ ಅಡಿ ಕಪ್ಪಾಗುವುದು ನಿಲ್ಲಲಿಲ್ಲ, ಸ್ವಲ್ಪ ಕಮ್ಮಿಯಾಯಿತು ಅಷ್ಟೇ. ಅಮ್ಮನಿಗೆ ಫೋನ್ ಮಾಡಿ, ಅಜ್ಜಿ ಹೆಂಗೆ ಬೇಯಿಸುತ್ತಿದ್ದರು ಸರಿಯಾಗಿ ಹೇಳು ಅಂದೆ. ಅಮ್ಮ ಹೇಳಿದ್ದು ಕೇಳಿ. ದಪ್ಪ ಕಬ್ಬಿಣದ ಬಾಣಲೆ, ಅದರಲ್ಲಿ ಎರಡು ಬೆರಳು ಮರಳು. ಹೊಳೆ ಮರಳು, ತೊಳೆದು ಒಣಗಿಸಿದ್ದು. ಮರಳಿನ ಮೇಲೆ ಮೂರು ಕಲ್ಲು, ಕಲ್ಲಿನ ಮೇಲೆ ತಟ್ಟೆ, ತಟ್ಟೆಗೆ ಬಾಳೆ ಎಲೆ. ಮೇಲೆ ಕಬ್ಬಿಣದ ಮುಚ್ಚಳ, ಅದರ ಮೇಲೆ ತೆಂಗಿನ ಕರಟದ ಕೆಂಡ. ಕೆಳಗೆ ಒಲೆಯಲ್ಲಿ ಬೆಂಕಿಯೇ ಇಲ್ಲ, ಬಚ್ಚಲೊಲೆಯಿಂದ ತಂದ ಬೂದಿ ಮುಚ್ಚಿದ ಕೆಂಡ.

ಮೇಲೆ ಕೆಂಡ, ಕೆಳಗೆ ಬೂದಿ. ನಾನು ಅದನ್ನು ಅಜ್ಜಿ ಬರೆದಿಟ್ಟ ಗಾದೆ ಅಂದುಕೊಂಡಿದ್ದೆ. ಅದು ತಿರುಪಿನ ಲೆಕ್ಕ!

ಸಣ್ಣ ಓಟಿಜಿಯಲ್ಲಿ ಕೆಳಗಿನ ಕಂಬಿಗೂ ಟ್ರೇಗೂ ನಾಲ್ಕು ಬೆರಳು ಅಂತರ, ಟ್ರೇ ಬೇರೆ ಕಪ್ಪು. ಕಪ್ಪು ಕಾವನ್ನು ಕುಡಿಯುತ್ತದೆ, ಅಡಿ ಮೊದಲು ಬೇಯದೆ ಇನ್ನೇನು? ಅಜ್ಜಿಯ ಮರಳು ಆ ಕಾವನ್ನು ತಡೆದು, ನಿಧಾನಕ್ಕೆ ಸಮನಾಗಿ ಮೇಲೆ ಬಿಡುತ್ತಿತ್ತು. ಮರಳನ್ನು ಓಟಿಜಿಗೆ ಸುರಿಯೋಕಾಗಲ್ಲ. ಆದರೆ ಬಿಸ್ಕತ್ತಿನ ಟ್ರೇ ಕೆಳಗೆ ಇನ್ನೊಂದು ಖಾಲಿ ಅಲ್ಯೂಮಿನಿಯಂ ಟ್ರೇ ಇಡಬಹುದು, ಎರಡರ ನಡುವೆ ಗಾಳಿ ಇರುವ ಹಾಗೆ. ಕಂಪನಿಯ ಕಪ್ಪು ಟ್ರೇ ಬಿಟ್ಟು ಬೆಳ್ಳಗಿನ ಅಲ್ಯೂಮಿನಿಯಂ ತಟ್ಟೆಯನ್ನೇ ತಂದೆ. ಗೂಡು ನಡುವಿನದ್ದು. ಮೊದಲು 12 ನಿಮಿಷ ಎರಡೂ ಕಂಬಿ, ಕೊನೆಯ 6 ನಿಮಿಷ ಮೇಲಿನದ್ದು ಮಾತ್ರ. ಹಾಗೆ ಬೇಯಿಸಿದ ತಟ್ಟೆ ಹೊರಗೆ ಬಂದಾಗ ಬಿಸ್ಕತ್ತಿನ ನೆತ್ತಿ ಗದ್ದೆ ಬಿರಿದ ಹಾಗೆ ಬಿರಿದಿತ್ತು, ಅಡಿ ತಿಳಿ ಕಂದು. ತಣ್ಣಗಾಗುವವರೆಗೂ ಕಾಯಬೇಕು, ಬಿಸಿಯಲ್ಲಿ ಎತ್ತಿದರೆ ಪುಡಿ. ಮಗ ಕಾಯಲಿಲ್ಲ, ಪುಡಿಯನ್ನೇ ತಿಂದ.

ಅಮೋನಿಯಾ ಬಗ್ಗೆ ಒಂದು ಮಾತು, ಯಾಕಂದರೆ ಹಳೇ ಚೀಟಿ ಇರುವವರ ಮನೆಯಲ್ಲೆಲ್ಲ ಇದು ಇರುತ್ತದೆ. ಇದು ಅಮೋನಿಯಂ ಬೈಕಾರ್ಬೊನೇಟು, ಬೇಕರಿಯವರ ಬಿಳಿ ಪುಡಿ. ಕಾವು ತಗುಲಿದರೆ ಪೂರ್ತಿ ಗಾಳಿಯಾಗಿ, ಆವಿಯಾಗಿ ಹೋಗುತ್ತದೆ, ಸೋಡಾದ ಹಾಗೆ ಹಿಂದೆ ಉಪ್ಪು ಉಳಿಯುವುದಿಲ್ಲ. ಅದಕ್ಕೇ ಆ ಬಿಸ್ಕತ್ತಿನ ಗರಿಗರಿಯೇ ಬೇರೆ. ಆದರೆ ಹೋಗುವಾಗ ಮೂಗು ಸುಡುವ ವಾಸನೆ ಬಿಟ್ಟುಹೋಗುತ್ತದೆ. ಅಜ್ಜಿ ಮಾಡುತ್ತಿದ್ದದ್ದು ಹಿತ್ತಲಿನ ಜಗುಲಿಯಲ್ಲಿ, ನಾನು ಮಾಡಿದ್ದು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ. ಓಟಿಜಿ ಬಾಗಿಲು ತೆಗೆದೆ ನೋಡಿ, ಕಣ್ಣಲ್ಲಿ ನೀರು, ಪಕ್ಕದ ಮನೆಯವರು ಏನು ಸೋರುತ್ತಿದೆ ಅಂತ ಕೇಳಿಕೊಂಡು ಬಂದರು. ಬಿಸ್ಕತ್ತು ಆರಿದ ಮೇಲೆ ವಾಸನೆ ಚೂರೂ ಇರುವುದಿಲ್ಲ, ತೆಳ್ಳಗಿನ ಒಣ ಬಿಸ್ಕತ್ತಾದ್ದರಿಂದ ಎಲ್ಲ ಹೊರಗೆ ಹೋಗುತ್ತದೆ. ದಪ್ಪ ಕೇಕಿಗೆ ಮಾತ್ರ ಇದನ್ನು ಹಾಕಬೇಡಿ, ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಸಿ ಹಿಟ್ಟಿನ ರುಚಿ ನೋಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ವಾಸನೆ ಬೇಡ ಅನ್ನುವವರು ಕಾಲು ಚಮಚ ಅಡುಗೆ ಸೋಡಾ, ಒಂದು ಚಮಚ ಹುಳಿ ಮೊಸರು ಹಾಕಿ. ಮೊಸರಿನ ಹುಳಿ ಇಲ್ಲದೆ ಸೋಡಾ ಒಂದೇ ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ. ಮೊಸರು ಹಾಕಿದ್ದು ಚೆನ್ನಾಗಿರುತ್ತದೆ, ಮೆತ್ತಗೆ ಕರಗುತ್ತದೆ, ಆದರೆ ಅಜ್ಜಿಯದ್ದಲ್ಲ. ನಾನೀಗ ಕಿಟಕಿ ತೆಗೆದು ಅಮೋನಿಯಾವನ್ನೇ ಹಾಕುತ್ತೇನೆ.

ತುಪ್ಪದ ಹದ ಹೇಳದೆ ಮುಂದೆ ಹೋದರೆ ಅಮ್ಮ ಬೈಯುತ್ತಾರೆ. ಕರಗಿದ ತುಪ್ಪ ಹಾಕಬಾರದು, ಹರಳು ಹರಳಾಗಿ ಹೆಪ್ಪುಗಟ್ಟಿದ ತುಪ್ಪವನ್ನು ಅಂಗೈಯಲ್ಲಿ ಸಕ್ಕರೆ ಪುಡಿ ಜೊತೆ ಬೆಳ್ಳಗಾಗುವವರೆಗೆ ಉಜ್ಜಬೇಕು. ಆ ಉಜ್ಜುವಿಕೆಯಲ್ಲಿ ಗಾಳಿ ಸೇರುತ್ತದೆ, ಬಿಸ್ಕತ್ತು ಹಗುರ ಆಗುವುದು ಅದರಿಂದಲೇ. ಡಿಸೆಂಬರಲ್ಲಿ ತೀರ್ಥಹಳ್ಳಿಯ ಚಳಿಗೆ ತುಪ್ಪ ತಾನಾಗಿಯೇ ಗಟ್ಟಿ ಇರುತ್ತದೆ. ಏಪ್ರಿಲಲ್ಲಿ ಶಿವಮೊಗ್ಗದ ಬಿಸಿಲಿಗೆ ಅದು ನೀರು, ಫ್ರಿಜ್ಜಲ್ಲಿ ಇಟ್ಟು ತೆಗೆಯಬೇಕು. ತುಪ್ಪದ ಬದಲು ನಂದಿನಿ ಬೆಣ್ಣೆಯಲ್ಲೂ ಮಾಡಿ ನೋಡಿದೆ. ಬೆಣ್ಣೆಯಲ್ಲಿ ನೂರಕ್ಕೆ 16 ಪಾಲಿನಷ್ಟು ನೀರಿರುತ್ತದೆ, ಅದು ಮೈದಾದ ಜೊತೆ ಸೇರಿ ನಾರು ಕಟ್ಟುತ್ತದೆ. ಕಡಿದರೆ ಕಟುಂ ಅನ್ನುತ್ತದೆ, ಬಾಯಲ್ಲಿ ಕರಗುವುದಿಲ್ಲ. ತುಪ್ಪದಲ್ಲಿ ನೀರಿಲ್ಲ. ಬೆಣ್ಣೆ ಬಿಸ್ಕತ್ತಿಗೆ ಬೆಣ್ಣೆ ಹಾಕಬಾರದು ಅಂತ ಗೊತ್ತಾಯಿತು.

ವಿನೋಬನಗರದ 8 ತಿಂಗಳಿಗೆ ಈ ಪೆಟ್ಟಿಗೆಗೆ ನಾನು 10ಕ್ಕೆ 8 ಕೊಡುತ್ತೇನೆ. 12 ನಿಮಿಷದಲ್ಲಿ ಕಾಯುತ್ತಿತ್ತು, ಎರಡು ತಟ್ಟೆ ಮುಗಿಯುವ ಹೊತ್ತಿಗೆ ಒಂದು ಗಂಟೆ, ಮೀಟರಲ್ಲಿ ಒಂದು ಯೂನಿಟ್ಟೂ ಪೂರ್ತಿ ಆಗುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕೊಡಲು 5 ಸಲ ಕಲಸಿ 140 ಬಿಸ್ಕತ್ತು ಮಾಡಿದೆ, ತಂಟೆಯಿಲ್ಲದೆ ಮಾಡಿಕೊಟ್ಟಿತು.

ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದರು, ಆಮೇಲೆ ನಾನು ಅಲ್ಲಿಗೇ ಬಂದೆ. ಓಟಿಜಿ ಕಾರಿನ ಹಿಂದಿನ ಸೀಟಲ್ಲಿ, ಸೀಟ್ ಬೆಲ್ಟು ಹಾಕಿಸಿಕೊಂಡು. ಗಾಜನೂರು ದಾಟಿ ಸಕ್ರೆಬೈಲಿನಲ್ಲಿ ಮಗನಿಗೆ ಆನೆ ತೋರಿಸಿ, ಮಂಡಗದ್ದೆಯಲ್ಲಿ ಕಾಫಿ ಕುಡಿದು, ಒಂದು ಗೀರೂ ಬೀಳದ ಹಾಗೆ ಮನೆ ಸೇರಿಸಿದೆವು.

ಮೊದಲ ಸಂಜೆಯೇ ಹಿಟ್ಟು ಕಲಸಿ ಕೂತೆ. ಅಮ್ಮನಿಗೆ ತೋರಿಸುವ ಆಸೆ. ಏಳು ಗಂಟೆಗೆ ಓಟಿಜಿ ಹಾಕಿದರೆ 7.25 ಆದರೂ ಥರ್ಮಾಮೀಟರು 120 ದಾಟಲಿಲ್ಲ. ಕಂಬಿ ಕೆಂಪಾಗಿರಲಿಲ್ಲ, ಸಿಟ್ಟು ಬಂದವರ ಕಿವಿಯಷ್ಟು ಬಣ್ಣ. ಇನ್ನು ಕಾಯಲಾರೆ ಅಂತ ತಟ್ಟೆ ಒಳಗಿಟ್ಟೆ. ಕಾಲು ಗಂಟೆ ಬಿಟ್ಟು ನೋಡಿದರೆ 14 ಬಿಸ್ಕತ್ತು ಸೇರಿ ಒಂದೇ ದೋಸೆಯಾಗಿತ್ತು. ಕಾವು ಕಮ್ಮಿ ಇದ್ದರೆ ಹೀಗೇ ಆಗುತ್ತದೆ, ಹಿಟ್ಟು ಗಟ್ಟಿಯಾಗುವ ಮೊದಲೇ ತುಪ್ಪ ಕರಗಿ ಹರಿದುಬಿಡುತ್ತದೆ. ಅಮ್ಮ ಅದನ್ನು ಚಾಕುವಿನಲ್ಲಿ ಕತ್ತರಿಸಿ, ಎಂಥ ಆಗಿಲ್ಲ ಮಾರಾಯ್ತಿ, ಬರ್ಫಿ ಅಂದ್ರೆ ಆಯ್ತು ಅಂದರು.

ನಾನು ಕಂಪನಿಗೆ ದೂರು ಕೊಟ್ಟೆ. ವಾರಂಟಿ ಇತ್ತು. ದಿನಾ ಒಂದು ಮೆಸೇಜು, ನಿಮ್ಮ ದೂರು ನಮಗೆ ಮುಖ್ಯ ಅಂತ. ತೀರ್ಥಹಳ್ಳಿಗೆ ಬರುವುದಿಲ್ಲ, ನೀವೇ ಶಿವಮೊಗ್ಗಕ್ಕೆ ತನ್ನಿ ಅಂದರು, ಮತ್ತೆ ಬರುತ್ತೇವೆ ಅಂದರು, 19ನೇ ದಿನ ಒಬ್ಬ ಹುಡುಗ ಬಂದ. ಪಾಪ, ಅವನದ್ದೇನೂ ತಪ್ಪಿಲ್ಲ, ಮಳೆಯಲ್ಲಿ ಬೈಕಲ್ಲಿ ಬಂದಿದ್ದ. ಮೀಟರ್ ಹಚ್ಚಿ ನೋಡಿ, ಮೇಡಂ ಪೆಟ್ಟಿಗೆ ಸರಿ ಇದೆ, ನಿಮ್ಮ ವೋಲ್ಟೇಜು 180 ಇದೆ ಅಂದ. ತಿರುಪಿನ ಅಂಕಿ ತಪ್ಪು ತೋರಿಸುವುದಕ್ಕೆ ಏನು ಹೇಳುತ್ತೀರಿ ಅಂದರೆ, ಅಷ್ಟು ಇದ್ದೇ ಇರುತ್ತೆ ಮೇಡಂ ಅಂದ. ಕಾಫಿ ಕುಡಿದು, ದೋಸೆಯಾದ ಬಿಸ್ಕತ್ತಿನಲ್ಲಿ ಎರಡು ತುಂಡು ತಿಂದು, ಇದು ಚೆನ್ನಾಗಿದೆಯಲ್ಲ ಅಂತ ಹೇಳಿ ಹೋದ. ಅವನಿಗೆ ಐದಕ್ಕೆ ಐದು. ಕಂಪನಿಗೆ ಸೊನ್ನೆ.

ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಏನಾಯಿತು, ಕಾಲು ಭಾಗವೂ ಕಮ್ಮಿಯಾಗಿಲ್ಲ ಅಲ್ವಾ ಅಂತ ನನಗೂ ಅನ್ನಿಸಿತ್ತು. ಆದರೆ ಕಾಯುವ ಕಂಬಿಯ ಲೆಕ್ಕ ಹಾಗಲ್ಲ. ಅದರ ಶಕ್ತಿ ವೋಲ್ಟೇಜಿನ ವರ್ಗದ ಹಾಗೆ ಏರುತ್ತದೆ, ಇಳಿಯುತ್ತದೆ. 180ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ನೋಡಿ, 0.61 ಬರುತ್ತದೆ. 1500 ವ್ಯಾಟಿನ ಪೆಟ್ಟಿಗೆ 920 ವ್ಯಾಟಿನದ್ದಾಯಿತು. ದುಡ್ಡು ಕೊಟ್ಟದ್ದು ಎತ್ತಿಗೆ, ಸಿಕ್ಕಿದ್ದು ಕರು. ಹಳ್ಳಿಗೆ ಓಟಿಜಿ ತಗೊಳ್ಳುವ ಮೊದಲು ಸಂಜೆ ಏಳರಿಂದ ಒಂಬತ್ತರ ಒಳಗೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ವೋಲ್ಟೇಜು ಅಳೆಸಿ. ಬೆಳಗ್ಗೆ ಅಳೆದದ್ದು ಲೆಕ್ಕಕ್ಕಿಲ್ಲ. ಸ್ಟೆಬಿಲೈಸರು ಹಾಕಬಹುದಾ ಅಂತ ಕೇಳಿದೆ, ಇಷ್ಟು ಎಳೆಯುವ ಪೆಟ್ಟಿಗೆಗೆ ಸರಿಯಾದ್ದು ತಗೊಂಡರೆ ಪೆಟ್ಟಿಗೆಯಷ್ಟೇ ದುಡ್ಡಾಗುತ್ತದೆ ಅಂದರು. ಮನೆಯ ಇನ್ವರ್ಟರಿನಲ್ಲಿ ಓಡಿಸುವ ಆಸೆ ಅಂತೂ ಬಿಟ್ಟುಬಿಡಿ, ಲೈಟು ಫ್ಯಾನಿಗೆ ಇರುವ ಇನ್ವರ್ಟರು ಇದರ ಮುಖ ನೋಡಿದರೇ ಕಿರುಚುತ್ತದೆ.

ಹಾಗಾದರೆ ಈಗ ಹೇಗೆ ಮಾಡುತ್ತೇನೆ? ಬೆಳಗ್ಗೆ ಹತ್ತೂವರೆಗೆ ಶುರು. ಆಗ 215, 220 ಇರುತ್ತದೆ, ಪೆಟ್ಟಿಗೆ ಕಾಯೋಕೆ 15 ನಿಮಿಷ. ಅದಕ್ಕೆ ಬೇರೆ 16 ಆಂಪಿನ ಸಾಕೆಟ್ಟು, ಮೇನ್ ಬೋರ್ಡಿಂದ ನೇರ ದಪ್ಪ ವೈರು, ಎಲ್ಲ ಸೇರಿ 1,400 ರೂಪಾಯಿ. ಇದನ್ನೂ ಓಟಿಜಿಯ ಬೆಲೆಗೆ ಸೇರಿಸಿಕೊಳ್ಳಿ. ಥರ್ಮಾಮೀಟರು 160 ಮುಟ್ಟದೆ ತಟ್ಟೆ ಒಳಗಿಡುವುದಿಲ್ಲ, ಎಷ್ಟು ಹೊತ್ತಾದರೂ ಸರಿ. ತಟ್ಟೆಯಲ್ಲಿ ಉಂಡೆ ಇಟ್ಟ ಮೇಲೆ 20 ನಿಮಿಷ ಫ್ರಿಜ್ಜು, ತುಪ್ಪ ಗಟ್ಟಿಯಾದರೆ ಕಾವು ಸ್ವಲ್ಪ ಕಮ್ಮಿಯಿದ್ದರೂ ಹರಿಯುವುದಿಲ್ಲ. ಇಷ್ಟು ಮಾಡಿದರೆ ವಿನೋಬನಗರದ ಬಿಸ್ಕತ್ತಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮ್ಮನಿಗೆ ಮಾತ್ರ ಗೊತ್ತಾಗುತ್ತದೆ, ಕರಟದ ಹೊಗೆಯ ವಾಸನೆ ಇಲ್ಲ ಅಂತಾರೆ. ಅದು ಸರಿಯೇ. ಅದಕ್ಕೆ ಯಾವ ತಿರುಪೂ ಇಲ್ಲ.

ಮಧ್ಯದಲ್ಲಿ ಕರೆಂಟು ಹೋದರೆ? ಹೋಗುತ್ತದೆ, ಆಷಾಢದಲ್ಲಿ ಮರ ಬೀಳದ ದಿನ ಯಾವುದು. ಒಳಗಿಟ್ಟು ಹತ್ತು ನಿಮಿಷ ದಾಟಿದ್ದರೆ ಬಾಗಿಲು ತೆಗೆಯಬೇಡಿ, ಒಳಗಿನ ಕಾವಲ್ಲೇ ಬೇಯುತ್ತದೆ, ಬಣ್ಣ ಬರುವುದಿಲ್ಲ ಅಷ್ಟೇ. ಬೇಕರಿಯ ಇಳಿಗಾವಿನ ಭಟ್ಟಿಯೂ ಅದೇ ಅಲ್ವಾ. ಒಳಗಿಟ್ಟ ಮೂರನೇ ನಿಮಿಷಕ್ಕೇ ಹೋದರೆ ತಟ್ಟೆ ತೆಗೆದು ಗ್ಯಾಸಿನ ಮೇಲೆ ಹಳೇ ಬಾಣಲೆಗೆ ಹಾಕಿ. ನಾವು ಹಾಗೆ ಮಾಡಿದ ದಿನ ಅಮ್ಮ ಖುಷಿಯಲ್ಲಿ ಅಟ್ಟದಿಂದ ಮರಳಿನ ಡಬ್ಬ ಇಳಿಸಿದರು. ಅದು ಇನ್ನೂ ಅಲ್ಲೇ ಇತ್ತು.

ಮಳೆಗಾಲದಲ್ಲಿ ಓಟಿಜಿಯ ನಿಜವಾದ ಉಪಯೋಗ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಮೇಲೆ ಮಳೆ, ನಮ್ಮಲ್ಲಿ ಅಷ್ಟಲ್ಲದಿದ್ದರೂ ಜುಲೈಯಲ್ಲಿ ಉಪ್ಪಿನ ಮರಿಗೆಯಲ್ಲಿ ನೀರು ನಿಲ್ಲುತ್ತದೆ, ಬಿಸ್ಕತ್ತು ಎರಡನೇ ದಿನಕ್ಕೇ ಮೆತ್ತಗೆ. ಬೇಯಿಸುವಷ್ಟು ಕಾವು ಬೇಡ, 120ರಲ್ಲಿ 7 ನಿಮಿಷ ಇಟ್ಟು, ಪೂರ್ತಿ ಆರಲು ಬಿಟ್ಟು, ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿದರೆ ಮತ್ತೆ ಗರಿಗರಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಇದಕ್ಕೆ ಸಂಜೆಯ 180 ವೋಲ್ಟೂ ಸಾಕು. ಚಕ್ಕುಲಿ, ಹುರಿದ ಶೇಂಗಾ, ಅವಲಕ್ಕಿ ಎಲ್ಲದಕ್ಕೂ ಇದೇ. ಅಮ್ಮ ಓಟಿಜಿಯನ್ನು ಒಪ್ಪಿಕೊಂಡದ್ದು ಬಿಸ್ಕತ್ತಿಗಲ್ಲ, ಮೆತ್ತಗಾದ ಚಕ್ಕುಲಿಗೆ. ಚಕ್ಕುಲಿಯ ದಿನ ಅವರೇ ತಿರುಪು ತಿರುಗಿಸುತ್ತಾರೆ, ಕನ್ನಡಕ ಹಾಕಿಕೊಂಡು.

ಒಂದು ಪ್ರಯೋಗ ಪೂರ್ತಿ ಕೈಕೊಟ್ಟಿತು. ಸಕ್ಕರೆಯ ಬದಲು ಜೋನಿ ಬೆಲ್ಲ, ಅಂದರೆ ಪಾಕದ ಹಾಗಿರುವ ಬೆಲ್ಲ. ನಮ್ಮ ಕಡೆಯ ಜೋನಿ ಬೆಲ್ಲಕ್ಕೆ ಏನು ಪರಿಮಳ, ಬಿಸ್ಕತ್ತಿಗೆ ಹಾಕಿದರೆ ಹೇಗಿರುತ್ತದೆ ಅಂತ ಆಸೆ. ಅದರಲ್ಲಿ ನೀರಿದೆ, ಬೆಲ್ಲ ಗಾಳಿಯ ತೇವವನ್ನೂ ಎಳೆಯುತ್ತದೆ. ಬೇಗ ಕಪ್ಪಾಯಿತು, ಮರುದಿನ ಚೂಯಿಂಗ್ ಗಮ್ಮು. ಅಚ್ಚು ಬೆಲ್ಲ ಪುಡಿ ಮಾಡಿ ಅರ್ಧ, ಸಕ್ಕರೆ ಅರ್ಧ ಹಾಕಿದ್ದು ಪರವಾಗಿಲ್ಲ, ಬೇಸಿಗೆಗೆ ಮಾತ್ರ.

ಸಣ್ಣ ತಕರಾರುಗಳು ಇವೆ. ಟೈಮಿನ ತಿರುಪು 10 ನಿಮಿಷದ ಒಳಗೆ ಸರಿಯಾಗಿ ಹಿಡಿಯುವುದಿಲ್ಲ, ಮೊದಲು 20ರ ಆಚೆ ತಿರುಗಿಸಿ ಹಿಂದಕ್ಕೆ ತರಬೇಕು, ಆದರೂ ಎರಡು ನಿಮಿಷ ಮೊದಲೇ ಗಂಟೆ ಹೊಡೆಯುತ್ತದೆ. ನಾನು ಮೊಬೈಲಲ್ಲೇ ಇಡುತ್ತೇನೆ. ಒಳಗೆ ದೀಪ ಇಲ್ಲ, ಟಾರ್ಚ್ ಹಿಡಿದು ಗಾಜಿನಿಂದ ಇಣುಕಬೇಕು. ಮೇಲ್ಭಾಗ ಎಷ್ಟು ಕಾಯುತ್ತದೆ ಅಂದರೆ ಅದರ ಮೇಲೆ ಬಟ್ಟೆ ಇಟ್ಟು ಮರೆತರೆ ಕಥೆ ಮುಗಿಯಿತು, ಗೋಡೆಯಿಂದ ಒಂದು ಗೇಣು ದೂರ ಇಡಿ. ಕಂಪನಿಯ ಕಪ್ಪು ಟ್ರೇಯ ಲೇಪ ಆರು ತಿಂಗಳಿಗೆ ಕಿತ್ತು ಬಂತು, ಈಗ ಅದರಲ್ಲಿ ಬೆಕ್ಕು ಮಲಗುತ್ತದೆ. ಕೆಳಗಿನ ಕಂಬಿ ಒಂದು ಸಲ ಹೋಗಿತ್ತು. ಕಂಪನಿಗೆ ಹೇಳುವ ಗೋಜಿಗೆ ಹೋಗಲಿಲ್ಲ. ತೀರ್ಥಹಳ್ಳಿಯಲ್ಲಿ ಮಿಕ್ಸಿ ರಿಪೇರಿ ಮಾಡುವವರು ಅದೇ ಅಳತೆಯದ್ದು ಹುಡುಕಿ 400 ರೂಪಾಯಿಗೆ ಹಾಕಿಕೊಟ್ಟರು, ಕೂಲಿ ಸೇರಿ.

ಹಳ್ಳಿಗೆ ನನ್ನ ಅಂಕ 10ಕ್ಕೆ 6. ಅದರಲ್ಲಿ ಒಂದು ಚಕ್ಕುಲಿಯದ್ದು.

ನಿನ್ನೆ ಅಪ್ಪನ ವರ್ಷಾಂತಕ್ಕೆ ಬಂದಿದ್ದ ಚಿಕ್ಕಪ್ಪ ಡಬ್ಬ ತೆಗೆದು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಏನೂ ಹೇಳದೆ ಇನ್ನೊಂದನ್ನು ಜೇಬಿಗೆ ಹಾಕಿಕೊಂಡರು. ಬಸ್ಸು ಹತ್ತುವಾಗ ನೋಡಿದರೆ ಡಬ್ಬದಲ್ಲಿ ನಾಲ್ಕೇ ಉಳಿದಿತ್ತು. ಇನ್ನೊಂದು ತಟ್ಟೆಯ ಹಿಟ್ಟು ಫ್ರಿಜ್ಜಲ್ಲಿದೆ. ಈಗ 10.20, ವೋಲ್ಟೇಜು 218. ಹೋಗಿ ಓಟಿಜಿ ಹಾಕುತ್ತೇನೆ.